ಅಡಿಕೆ ತೂಗುವ ತಕ್ಕಡಿಯ ಮೇಲೆ ಕಾಳು

ನಮ್ಮ ಜಗಲಿಯ ಕೊನೆಯಲ್ಲಿ ಸುಲಿದ ಅಡಿಕೆಯ ಚೀಲಗಳನ್ನು ತೂಗುವ ಒಂದು ತಕ್ಕಡಿ ಇದೆ. ಕಬ್ಬಿಣದ ಹಲಗೆ, ಅದಕ್ಕೊಂದು ಕಂಬ, ಕಂಬದ ತುದಿಯಲ್ಲಿ ಕೆಂಪು ಅಂಕಿ ಮೂಡುವ ಪೆಟ್ಟಿಗೆ. ಐದು ವರ್ಷ ತುಂಬಿದ್ದ ನಮ್ಮ ಕಪ್ಪು ಲ್ಯಾಬ್ರಡಾರ್ ನಾಯಿ ಕಾಳುವನ್ನು ಅದರ ಮೇಲೆ ಮೊದಲ ಬಾರಿ ನಿಲ್ಲಿಸಿದ್ದು ಒಂದು ಮಾರ್ಚ್ ತಿಂಗಳ ಬೆಳಗ್ಗೆ. ಹಲಗೆಯ ತಂಪಿಗೆ ಅವನು ಒಂದೊಂದೇ ಕಾಲನ್ನು ಎತ್ತಿ ಇಡುತ್ತಿದ್ದುದರಿಂದ ಅಂಕಿಗಳು ನಿಲ್ಲದೆ ಓಡುತ್ತಿದ್ದವು. ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ‘ನಿಲ್ಲು’ ಎಂದಾಗ ಅವು 41.2 ಎಂಬಲ್ಲಿ ನಿಂತವು. ಪೂರ್ಣ ಬೆಳೆದ ಗಂಡು ಲ್ಯಾಬ್ರಡಾರಿನ ತೂಕ ಸಾಮಾನ್ಯವಾಗಿ 29ರಿಂದ 36 ಕಿಲೋದೊಳಗೆ ಇರಬೇಕು. ಅವನ ಎತ್ತರವನ್ನೂ ಎಲುಬಿನ ಗಾತ್ರವನ್ನೂ ನೋಡಿದ ವೈದ್ಯರು 34 ಕಿಲೋ ಸಾಕೆಂದು ಹೇಳಿದ್ದರು. ಅಂದರೆ ಏಳು ಕಿಲೋ ಹೆಚ್ಚು. ತೋಟದಿಂದ ಅಂಗಳಕ್ಕೆ ಹೊರೆ ಹೊತ್ತು ಅಭ್ಯಾಸವಿರುವ ನನಗೆ ಏಳು ಕಿಲೋ ಎಂದರೇನೆಂದು ಗೊತ್ತಿದೆ. ಅಷ್ಟನ್ನು ಅವನು ಹಗಲೂ ರಾತ್ರಿಯೂ ಇಳಿಸದೆ ಹೊತ್ತು ತಿರುಗುತ್ತಿದ್ದ, ಮತ್ತು ಅದನ್ನು ಅವನ ಮೇಲೆ ಹೇರಿದವರು ಮನೆಯವರಾದ ನಾವೇ ಆಗಿದ್ದೆವು.

ತಕ್ಕಡಿಯವರೆಗೆ ನಮ್ಮನ್ನು ತಂದು ಮುಟ್ಟಿಸಿದ್ದು ಕೊಬ್ಬರಿ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ, ಗುಡ್ಡೆಯ ಬುಡದಲ್ಲಿದೆ. ಮಾಘ ಕಳೆದು ಬಿಸಿಲು ಬಲಿತ ಮೇಲೆ ಒಡೆದ ತೆಂಗಿನಕಾಯಿಗಳನ್ನು ಅಂಗಳದಲ್ಲಿ ಹರಡಿ, ಕಾಗೆಗಳು ಮುಟ್ಟದಂತೆ ಬಲೆ ಹಾಸುವುದು ನಮ್ಮಲ್ಲಿ ರೂಢಿ. ಆ ಮಧ್ಯಾಹ್ನ ಬಲೆಯ ಒಂದು ಮೂಲೆಯ ಕಲ್ಲು ಜಾರಿತ್ತು. ಎಷ್ಟು ಹೋಳು ತಿಂದನೋ ಯಾರೂ ಕಾಣಲಿಲ್ಲ. ಸಂಜೆ ಬಾಚಿ ತುಂಬುವಾಗ ಆ ಮೂಲೆಯಲ್ಲಿ ಬರಿಯ ನೆಲವಿತ್ತು. ರಾತ್ರಿ ಹತ್ತರ ಮೇಲೆ ವಾಂತಿ ಶುರುವಾಯಿತು. ನಡುರಾತ್ರಿಯ ಹೊತ್ತಿಗೆ ಅವನು ಮುಂಗಾಲುಗಳನ್ನು ನೆಲಕ್ಕೆ ಚಾಚಿ, ಎದೆಯನ್ನು ತಗ್ಗಿಸಿ, ಹಿಂಭಾಗವನ್ನು ಮಾತ್ರ ಮೇಲೆತ್ತಿ ಸಾಷ್ಟಾಂಗಕ್ಕೆ ಹೊರಟವನಂತೆ ನಿಂತುಬಿಟ್ಟ. ಆಟಕ್ಕೆ ಕರೆಯುವಾಗಲೂ ನಾಯಿಗಳು ಹೀಗೆಯೇ ನಿಲ್ಲುತ್ತವೆ, ಆದರೆ ಅವನ ಬಾಲ ಅಲ್ಲಾಡುತ್ತಿರಲಿಲ್ಲ. ಬೆಳಗ್ಗೆ ತಟ್ಟೆಯನ್ನು ನೆಲಕ್ಕಿಟ್ಟ ಶಬ್ದಕ್ಕೆ ಅವನು ತಲೆ ಎತ್ತದಿದ್ದುದನ್ನು ಕಂಡ ಅಮ್ಮ ಸ್ವಲ್ಪವೂ ತಡಮಾಡದೆ ಹೊರಡಿ ಎಂದರು. ಐದು ವರ್ಷಗಳಲ್ಲಿ ಆ ಶಬ್ದಕ್ಕೆ ಅವನು ಏಳದೆ ಇದ್ದ ದಿನ ಅದೊಂದೇ.

ತಲಪಾಡಿ ದಾಟಿ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಅಲ್ಲಿ ರಕ್ತ ಪರೀಕ್ಷೆಯನ್ನೂ ಹೊಟ್ಟೆಯ ಸ್ಕ್ಯಾನನ್ನೂ ಮಾಡಿದ ವೈದ್ಯರು ಮೇದೋಜೀರಕ ಗ್ರಂಥಿಗೆ ಉರಿಯೂತವಾಗಿದೆ ಎಂದರು. ಆಹಾರವನ್ನು ಕರಗಿಸಲು ಕರುಳಿಗೆ ಹೋಗಬೇಕಾದ ರಸಗಳು ಗ್ರಂಥಿಯೊಳಗೇ ಚುರುಕಾಗಿ ಗ್ರಂಥಿಯನ್ನೇ ಸುಡಲು ತೊಡಗುವ ಕಾಯಿಲೆ ಇದು. ಒಮ್ಮೆಲೇ ಹೆಚ್ಚು ಜಿಡ್ಡು ಹೊಟ್ಟೆಗೆ ಬಿದ್ದಾಗ, ಅದರಲ್ಲಿಯೂ ಮೊದಲೇ ಬೊಜ್ಜು ಬೆಳೆದ ನಾಯಿಗಳಲ್ಲಿ, ಬರುವ ಸಂಭವ ಹೆಚ್ಚಂತೆ. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ ಎಂಬುದು ಗಾಣಕ್ಕೆ ಹೋಗಿ ಬಂದವರಿಗೆಲ್ಲ ಗೊತ್ತಿರುವ ವಿಷಯ. ಮೂರು ದಿನ ಡ್ರಿಪ್, ವಾಂತಿ ನಿಲ್ಲುವ ಮತ್ತು ನೋವು ತಗ್ಗುವ ಮದ್ದು, ಆಮೇಲೆ ಜಿಡ್ಡಿಲ್ಲದ ಆಹಾರ ಚೂರುಚೂರಾಗಿ. ನಾಲ್ಕನೆಯ ದಿನ ಅವನು ನನ್ನ ಅಂಗೈಯಿಂದ ಎರಡು ಚಮಚ ಗಂಜಿ ನೆಕ್ಕಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಡಬೇಕೆಂದು ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಮನೆಗೆ ಮರಳಿದ ಮೇಲೆ ನಮ್ಮ ಊರಿನ ಮೃಗಾಸ್ಪತ್ರೆಯ ವೈದ್ಯರು ನನಗೊಂದು ಪಾಠ ಹೇಳಿದರು. ಮಲಯಾಳ ಬೆರೆತ ಕನ್ನಡದಲ್ಲಿ ಅವರು ಹೇಳಿದ ಆ ಮಾತನ್ನು ನಾನು ಆಮೇಲೆ ಎಷ್ಟೋ ಜನರಿಗೆ ತೋರಿಸಿಕೊಟ್ಟಿದ್ದೇನೆ. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ ನೋಡಬೇಕು. ನಾಯಿಯ ಪಕ್ಕೆಲುಬುಗಳು ಅಷ್ಟು ಚೂಪಾಗಿ ಕೈಗೆ ಸಿಕ್ಕಿದರೆ ಅದು ಬಡಕಲು. ಕೈಯನ್ನು ಬಿಡಿಸಿ ಮೇಲ್ಭಾಗವನ್ನು ಮುಟ್ಟಿದಾಗ ತೆಳುವಾದ ಚರ್ಮದಡಿಯಲ್ಲಿ ಎಲುಬುಗಳು ಹೇಗೆ ಸಿಗುತ್ತವೋ ಹಾಗೆ ಸಿಕ್ಕಿದರೆ ಸರಿ. ಅಂಗೈಯ ಕಡೆ ಮುಟ್ಟಿದಂತೆ, ಒತ್ತಿ ಹುಡುಕಿದರೆ ಮಾತ್ರ ಎಲುಬು ಸಿಗುವುದಾದರೆ ಬೊಜ್ಜು. ಕಾಳುವಿನ ಪಕ್ಕೆಯ ಮೇಲೆ ಕೈಯಿಟ್ಟಾಗ ನನಗೆ ಅಂಗೈಗಿಂತಲೂ ಮೆತ್ತಗೆ ತಾಗಿತು. ಮೇಲಿನಿಂದ ನೋಡಿದರೆ ಪಕ್ಕೆ ಮುಗಿದು ಸೊಂಟ ಶುರುವಾಗುವಲ್ಲಿ ಇರಬೇಕಾದ ಬಳುಕು ಇರಲಿಲ್ಲ. ಅಕ್ಕಿಮುಡಿಯ ಹಾಗೆ ಒಂದೇ ಸಮ. ಇಷ್ಟು ವರ್ಷ ‘ಒಳ್ಳೆಯ ಪುಷ್ಟಿಯಾಗಿದ್ದಾನೆ’ ಎಂದು ಬಂದವರೆಲ್ಲ ಹೊಗಳಿದ್ದು ಇದನ್ನೇ.

ತೂಕ ಇಳಿಸಲು ಇನ್ನೂ ಒಂದು ಕಾರಣವಿತ್ತು. ಮಂಗಳೂರಿನಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಅವನ ಎಡ ಹಿಂಗಾಲಿನ ಸೊಂಟದ ಕೀಲು ಗುಂಡಿಯೊಳಗೆ ಸರಿಯಾಗಿ ಕೂತಿಲ್ಲವೆಂದು ಕಂಡಿತು. ದೊಡ್ಡ ಗಾತ್ರದ ತಳಿಗಳಲ್ಲಿ ಬಹುಮಟ್ಟಿಗೆ ವಂಶದಿಂದ ಬರುವ ದೋಷ ಅದು. ತಂದೆ ತಾಯಿಗಳ ಸೊಂಟದ ಎಕ್ಸ್‌ರೇ ತೆಗೆಸಿ ನೋಡಿ ಮರಿ ಮಾಡಿಸುವುದು ಸರಿಯಾದ ಕ್ರಮ. ಮರಿಯನ್ನು ಕೊಟ್ಟವರಲ್ಲಿ ನಾನು ಕೇಳಿದ್ದೆ, ಎಲ್ಲ ಸರಿ ಇದೆ ಎಂಬ ಬಾಯಿಮಾತು ಸಿಕ್ಕಿತ್ತು, ಕಾಗದ ಸಿಕ್ಕಿರಲಿಲ್ಲ, ಮತ್ತು ನಾನು ಕಾಗದಕ್ಕಾಗಿ ಪಟ್ಟು ಹಿಡಿಯಲಿಲ್ಲ. ಕರಿಮೆಣಸು ಒಣಗಿಸುವ ಚಾಪೆಯ ಮೇಲೆ ಉರುಳಿ ತಾನೂ ಒಂದು ಕಾಳಿನಂತೆ ಕಂಡ ಎರಡು ತಿಂಗಳ ಆ ಮರಿಯನ್ನು ನೋಡುತ್ತಾ ಕಾಗದ ಕೇಳುವ ಮನಸ್ಸು ಬರುವುದು ಕಷ್ಟ. ಆದರೂ ಕೇಳಬೇಕಿತ್ತು. ಸಡಿಲವಾದ ಕೀಲಿನ ಮೇಲೆ ಏಳು ಕಿಲೋ ಹೆಚ್ಚುವರಿ ಭಾರ ಬಿದ್ದರೆ ಸವೆತ ಬೇಗ ಬರುತ್ತದೆ. ಮೆಟ್ಟಿಲು ಹತ್ತುವಾಗ ಅವನು ಹಿಂಗಾಲೆರಡನ್ನೂ ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸುತ್ತಿದ್ದುದನ್ನು ನಾವು ಚೆಲ್ಲಾಟ ಎಂದುಕೊಂಡಿದ್ದೆವು.

ಹಸಿವಿನ ವಿಷಯವನ್ನು ಓದಿ ತಿಳಿದುಕೊಂಡಮೇಲೆ ಅವನ ಮೇಲಿನ ನನ್ನ ಸಿಟ್ಟೆಲ್ಲ ಇಳಿಯಿತು. ಲ್ಯಾಬ್ರಡಾರ್ ಎಂಬ ಹೆಸರಿದ್ದರೂ ಈ ತಳಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪ. ಅಲ್ಲಿಯ ಬೆಸ್ತರೊಂದಿಗೆ ದೋಣಿಯಲ್ಲಿದ್ದು, ಕೊರೆಯುವ ಕಡಲಿಗೆ ಹಾರಿ ಬಲೆಯ ಹಗ್ಗವನ್ನೋ ಗಾಳದಿಂದ ಜಾರಿದ ಮೀನನ್ನೋ ಕಚ್ಚಿ ತರುತ್ತಿದ್ದ ನಾಯಿಗಳು ಇವುಗಳ ಪೂರ್ವಜರು. 19ನೆಯ ಶತಮಾನದಲ್ಲಿ ಅವುಗಳನ್ನು ಬ್ರಿಟನ್ನಿಗೆ ತಂದು, ಬೇಟೆಯಲ್ಲಿ ಉರುಳಿದ ಹಕ್ಕಿಯನ್ನು ಹಲ್ಲು ತಾಗಿಸದೆ ಎತ್ತಿ ತರುವ ಕೆಲಸಕ್ಕೆ ಪಳಗಿಸಿದರು. ಅಲ್ಲಿಯ ಕೆನೆಲ್ ಕ್ಲಬ್ 1903ರಲ್ಲಿ ಈ ತಳಿಗೆ ಮಾನ್ಯತೆ ಕೊಟ್ಟಿತು. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು, ಸುಮಾರು ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಪಿಓಎಂಸಿ ಎಂಬ ವಂಶವಾಹಿಯ ತುಣುಕೊಂದು ಇಲ್ಲದಿರುವುದನ್ನು ತೋರಿಸಿದರು. ಊಟದ ಬಳಿಕ ಹಸಿವನ್ನು ತಗ್ಗಿಸಿಡುವ ವ್ಯವಸ್ಥೆ ಆ ನಾಯಿಗಳಲ್ಲಿ ಮಂಕಾಗಿರುತ್ತದೆ. 2024ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದ ಪ್ರಕಾರ ಅಂಥವು ಸುಮ್ಮನೆ ಮಲಗಿರುವಾಗ ಖರ್ಚು ಮಾಡುವ ಶಕ್ತಿಯೂ ಬೇರೆ ಲ್ಯಾಬ್ರಡಾರ್‌ಗಳಿಗಿಂತ ಸುಮಾರು ಕಾಲು ಭಾಗ ಕಡಿಮೆ. ಕಾಳುವಿಗೆ ಆ ಪರೀಕ್ಷೆ ಮಾಡಿಸಿಲ್ಲ. ಆದರೆ ಊಟ ಮುಗಿದ ಮರುಕ್ಷಣ ಅವನು ನೋಡುವ ನೋಟ ಆಸೆಬುರುಕತನವಲ್ಲವೆಂದೂ, ಅವನಿಗೆ ನಿಜಕ್ಕೂ ಹಸಿವಾಗುತ್ತಿರಬಹುದೆಂದೂ ಯೋಚಿಸತೊಡಗಿದೆ. ಹಾಗೆ ಯೋಚಿಸಿದ ಮೇಲೆ ಕಡಿಮೆ ಹಾಕುವುದು ಇನ್ನಷ್ಟು ಕಷ್ಟವಾಯಿತು, ಮತ್ತು ಹಸಿವಿನ ಹೊಣೆಯನ್ನು ಅವನ ಮೇಲೆ ಹಾಕದೆ ನಾನೇ ಹೊರಬೇಕೆಂಬುದೂ ಸ್ಪಷ್ಟವಾಯಿತು.

ಲೆಕ್ಕ ಹೀಗಿತ್ತು. 34 ಕಿಲೋ ನಾಯಿಯ ದೇಹ ಸುಮ್ಮನೆ ಬದುಕಿರಲು ದಿನಕ್ಕೆ ಸುಮಾರು 1000 ಕ್ಯಾಲರಿ ಬೇಕು. ತೂಕ ಇಳಿಯುವವರೆಗೆ ಅಷ್ಟೇ ಕೊಡಬೇಕು. ವಾರಕ್ಕೆ ದೇಹತೂಕದ ನೂರರಲ್ಲಿ ಒಂದು ಪಾಲು ಇಳಿದರೆ ಸಾಕು, ಎರಡು ಪಾಲಿಗಿಂತ ಹೆಚ್ಚು ಇಳಿಯಬಾರದು. ನಾನು ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ, ಅವನ ಬಾಯಿಗೆ ಹೋಗುವುದನ್ನೆಲ್ಲ ಒಂದು ವಾರ ಬರೆದಿಟ್ಟೆ. ಬೆಳಗ್ಗೆ ಅಮ್ಮನಿಂದ ಮೂರು ಉದ್ದಿನ ದೋಸೆ, ಅವುಗಳಿಗೆ ಸವರಿದ ತುಪ್ಪ ಬೇರೆ. ಹತ್ತು ಗಂಟೆಗೆ ಕೆಲಸದವರ ಚಹಾದ ಜೊತೆಗಿನ ಬ್ರೆಡ್ಡಿನಲ್ಲಿ ಪಾಲು. ಮಧ್ಯಾಹ್ನ ಅಪ್ಪನ ಎಲೆಯ ಕೊನೆಯಲ್ಲಿ ಉಳಿಸಿದ ಮೊಸರನ್ನ. ಸಂಜೆ ಶಾಲೆಯಿಂದ ಬರುವ ನೆರೆಮನೆಯ ಮಕ್ಕಳ ಬಿಸ್ಕತ್ತು. ಇವೆಲ್ಲ ಅವನ ಎರಡು ಹೊತ್ತಿನ ‘ಊಟ’ದ ಹೊರಗಿನವು. ಯಾರೊಬ್ಬರೂ ಹೆಚ್ಚು ಕೊಟ್ಟಿರಲಿಲ್ಲ. ಒಬ್ಬೊಬ್ಬರೂ ಚೂರು ಕೊಟ್ಟಿದ್ದರು, ಮತ್ತು ಇನ್ನೊಬ್ಬರು ಕೊಟ್ಟದ್ದು ಯಾರಿಗೂ ಗೊತ್ತಿರಲಿಲ್ಲ.

ಮೊದಲು ನಾನು ಎಲ್ಲರಿಗೂ ‘ಏನೂ ಕೊಡಬೇಡಿ’ ಎಂದೆ. ಅದು ನಾಲ್ಕು ದಿನವೂ ನಡೆಯಲಿಲ್ಲ. ಕೊಡುವ ಸಂತೋಷವನ್ನೇ ಕಿತ್ತುಕೊಂಡರೆ ಜನ ಕದ್ದು ಕೊಡುತ್ತಾರೆ. ಅಪ್ಪ ಮಾಡಿದ್ದು ಅದನ್ನೇ. ಕಡೆಗೆ ಉಪಾಯ ಹೊಳೆದದ್ದು ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಿಂದ. ದಿನದ ಪಾಲನ್ನೆಲ್ಲ ಬೆಳಗ್ಗೆಯೇ ತೂಗಿ ಆ ಡಬ್ಬಿಯಲ್ಲಿ ತುಂಬಿ ಜಗಲಿಯ ಮಾಡದಲ್ಲಿ ಇಟ್ಟುಬಿಡುವುದು; ಯಾರಿಗೆ ಯಾವಾಗ ಕೊಡಬೇಕೆನಿಸಿದರೂ ಕೊಡಬಹುದು, ಆದರೆ ಡಬ್ಬಿಯಿಂದಲೇ ಕೊಡಬೇಕು. ಡಬ್ಬಿ ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ತೂಕ ಇಳಿಸುವ ನಾಯಿಗಳಿಗೆಂದೇ ತಯಾರಾದ ಒಣ ಆಹಾರ 250 ಗ್ರಾಂ, ಅದರ ಜೊತೆ ಉಪ್ಪು ಒಗ್ಗರಣೆ ಇಲ್ಲದೆ ಬೇಯಿಸಿದ ಅಲಸಂಡೆ, ಹಸಿ ಸೌತೆಕಾಯಿಯ ಹೋಳು. ಒಣ ಆಹಾರದಲ್ಲಿ ಮಾಂಸವಿರುವುದರಿಂದ ನಮ್ಮಂಥ ಸಸ್ಯಾಹಾರಿಗಳ ಮನೆಯಲ್ಲಿ ಅದನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂತು. ಅದನ್ನು ಹೊರಗಿನ ಕೊಟ್ಟಗೆಯಲ್ಲಿಡಬಹುದು ಎಂದು ಅಪ್ಪನೇ ಹೇಳಿ ಮುಗಿಸಿದರು. ಮೊಸರನ್ನದ ಮೇಲೆ ಬೆಳೆದ ಪ್ರಾಣಿಗೆ ತೂಕ ಇಳಿಯುವಾಗ ಸ್ನಾಯು ಕರಗದಂತೆ ಒಳ್ಳೆಯ ಪ್ರೋಟೀನು ಬೇಕೇಬೇಕು ಎಂದು ವೈದ್ಯರು ಹೇಳಿದ್ದು ಅವರ ಮನಸ್ಸಿಗೆ ನಾಟಿತ್ತು.

ನಡೆಸುವುದಕ್ಕಿಂತ ಈಜಿಸುವುದು ಕೀಲಿಗೆ ಒಳ್ಳೆಯದೆಂಬ ಸಲಹೆ ನಮಗೆ ವರದಂತೆ ಬಂತು. ನಮ್ಮ ಕಡೆ ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳಿವೆ. ಬೇಸಗೆಯಲ್ಲಿಯೂ ಬೆರಳಿನ ಗಾತ್ರದ ಧಾರೆ ನಿಲ್ಲದೆ ಬಂದು ಕೆಳಗಿನ ಕೆರೆಗೆ ಬೀಳುತ್ತದೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಆರಕ್ಕೆ, ಬಿಸಿಲೇರುವ ಮೊದಲು, ಅವನನ್ನು ಅಲ್ಲಿಗೆ ಕರೆದೊಯ್ಯತೊಡಗಿದೆ. ನೆಲದ ಮೇಲೆ ಹತ್ತು ಹೆಜ್ಜೆಗೆ ಏದುಸಿರು ಬಿಡುವವನು ನೀರಿಗಿಳಿದರೆ ಬೇರೆಯೇ ಪ್ರಾಣಿ. ಬುಡದಲ್ಲಿ ದಪ್ಪವಾಗಿ ತುದಿಗೆ ಸಣ್ಣದಾಗುವ ಅವನ ಬಾಲವನ್ನು ನೀರುನಾಯಿಯ ಬಾಲಕ್ಕೆ ಹೋಲಿಸುತ್ತಾರೆ. ಅದನ್ನು ಅವನು ದೋಣಿಯ ಚುಕ್ಕಾಣಿಯಂತೆ ತಿರುಗಿಸುತ್ತಾನೆ. ನಾನು ಎಸೆಯುತ್ತಿದ್ದುದು ಒಣ ಅಡಿಕೆ ಹಾಳೆಯ ತುಂಡು. ತಂದು ಕೈಗಿಡುವಾಗ ಅದರ ಮೇಲೆ ಹಲ್ಲಿನ ಗುರುತೇ ಇರುತ್ತಿರಲಿಲ್ಲ. ಇದೇ ಬಾಯಿ ಒಮ್ಮೆ ಗೂಡಿನಿಂದ ಬಿದ್ದ ಪಿಕಳಾರದ ಮರಿಯನ್ನು ತಂದು ಅಮ್ಮನ ಪಾದದ ಬಳಿ ಇಟ್ಟಿತ್ತು. ಜೊಲ್ಲಿನಲ್ಲಿ ಒದ್ದೆಯಾಗಿದ್ದ ಆ ಮರಿ ಕೊಕ್ಕು ತೆರೆದು ಕೂಗುತ್ತಿತ್ತು, ಮೈಮೇಲೆ ಒಂದು ಗಾಯವಿರಲಿಲ್ಲ.

ಮೊದಲ ವಾರದಲ್ಲಿಯೇ ನಾನು ಆಸೆಗೆ ಬಿದ್ದು ಮುಕ್ಕಾಲು ಗಂಟೆ ಈಜಿಸಿದೆ. ಮರುದಿನ ಅವನ ಬಾಲ ಬುಡದಿಂದ ಎರಡು ಇಂಚು ಅಡ್ಡಕ್ಕೆ ಬಂದು ಅಲ್ಲಿಂದ ಸತ್ತ ಬಳ್ಳಿಯಂತೆ ಜೋತಿತ್ತು, ಮುಟ್ಟಿದರೆ ಕುಯ್ಯೆನ್ನುತ್ತಿದ್ದ. ಮುರಿದಿದೆ ಎಂದೇ ಹೆದರಿ ಓಡಿದೆವು. ತಣ್ಣೀರಿನಲ್ಲಿ ಅಭ್ಯಾಸವಿಲ್ಲದೆ ಹೆಚ್ಚು ಈಜಿದ ಬೇಟೆನಾಯಿಗಳಲ್ಲಿ ಬಾಲದ ಬುಡದ ಸ್ನಾಯುಗಳು ನೊಂದು ಹೀಗಾಗುತ್ತದೆ, ವಿಶ್ರಾಂತಿ ಕೊಟ್ಟರೆ ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ ಎಂದರು ವೈದ್ಯರು. ಐದನೆಯ ದಿನಕ್ಕೆ ಬಾಲ ಎದ್ದಿತು. ಅಲ್ಲಿಂದ ಐದು ನಿಮಿಷಕ್ಕೆ ಶುರುಮಾಡಿ, ವಾರಕ್ಕೆ ಎರಡೆರಡು ನಿಮಿಷ ಏರಿಸಿದೆ.

ಈಜಿನ ಬೆನ್ನಿಗೇ ಕಿವಿಯ ತೊಂದರೆ ಬಂತು. ಜೋತುಬಿದ್ದ ಕಿವಿಯೊಳಗೆ ನೀರು ನಿಂತು, ಗಾಳಿಯಾಡದೆ, ಹುಳಿಬಂದ ಹಿಟ್ಟಿನಂಥ ವಾಸನೆಯೂ ಕಂದು ಬಣ್ಣದ ಕೊಳೆಯೂ ಕಾಣಿಸಿದವು. ಶಿಲೀಂಧ್ರದ ಸೋಂಕು. ಅಂದಿನಿಂದ ನೀರಿನಿಂದ ಬಂದ ತಕ್ಷಣ ವೈದ್ಯರು ಕೊಟ್ಟ ದ್ರಾವಣವನ್ನು ಕಿವಿಗೆ ತುಂಬಿ, ಬುಡವನ್ನು ಹೊರಗಿನಿಂದ ಮೆಲ್ಲಗೆ ತಿಕ್ಕಿ, ಅವನು ತಲೆ ಕೊಡವಿದ ಮೇಲೆ ಹತ್ತಿಯಿಂದ ಕಾಣುವಷ್ಟನ್ನು ಮಾತ್ರ ಒರೆಸುವುದು ನಿಯಮವಾಯಿತು. ಕಡ್ಡಿ ಹಾಕಬಾರದು, ಕೊಳೆ ಇನ್ನೂ ಒಳಗೆ ಹೋಗುತ್ತದೆ.

ಜೂನ್ ಬಂದಾಗ ನಮ್ಮ ಲೆಕ್ಕವೆಲ್ಲ ತಲೆಕೆಳಗಾಯಿತು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿದು, ಅದರಲ್ಲಿ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ. ಕೆರೆ ಕೆಂಪು ನೀರಿನಿಂದ ತುಂಬಿತು, ಈಜು ನಿಂತಿತು. ಗುಡ್ಡೆಯ ಹಲಸಿನ ಹಣ್ಣುಗಳು ಒಂದೊಂದಾಗಿ ಬಿದ್ದು ಒಡೆಯತೊಡಗಿದವು, ಅವನಿಗೆ ಅವುಗಳ ಜಾಗವೆಲ್ಲ ಬಾಯಿಪಾಠ. ಮೇ ಕೊನೆಗೆ 38.6ಕ್ಕೆ ಇಳಿದಿದ್ದ ತೂಕ ಜುಲೈ ನಡುವಿಗೆ 39.3 ಆಯಿತು. ಪುಸ್ತಕದಲ್ಲಿ ಆ ಅಂಕಿಯನ್ನು ಬರೆದ ದಿನ ನಾನು ಊಟ ಮಾಡಲಿಲ್ಲ.

ಮಳೆಗಾಲದಲ್ಲಿ ಈ ತಳಿಯನ್ನು ಸಾಕುವವರು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ತುಪ್ಪುಳವನ್ನು. ಅದರಲ್ಲಿ ಎರಡು ಪದರಗಳಿವೆ: ಹೊರಗೆ ಎಣ್ಣೆಯ ಜಿಡ್ಡಿನ ಒರಟು ಕೂದಲು, ಒಳಗೆ ಹತ್ತಿಯಂಥ ದಟ್ಟ ಪದರ. ಮಂಜಿನ ಕಡಲಿನಲ್ಲಿ ಜೀವ ಉಳಿಸುತ್ತಿದ್ದ ಆ ಒಳಪದರ ನಮ್ಮ ಆಟಿ ತಿಂಗಳ ಮಳೆಯ ತೇವದಲ್ಲಿ ಒಮ್ಮೆ ನೆನೆದರೆ ಎರಡು ದಿನವಾದರೂ ಆರುವುದಿಲ್ಲ. ಮೇಲಿನಿಂದ ಮುಟ್ಟಿದರೆ ಒಣಗಿದಂತಿರುತ್ತದೆ, ಬೆರಳನ್ನು ಬುಡಕ್ಕೆ ಇಳಿಸಿದರೆ ಒದ್ದೆ. ಅಲ್ಲಿಯೇ ಚರ್ಮ ಕೆಂಪಾಗಿ, ರಸ ಒಸರಿ, ಅವನು ನೆಕ್ಕಿ ನೆಕ್ಕಿ ಒಂದು ರಾತ್ರಿಯಲ್ಲಿ ಅಂಗೈಯಗಲದ ಹುಣ್ಣು ಮಾಡಿಕೊಳ್ಳುತ್ತಾನೆ. ಬೈರಾಸಿನಿಂದ ಕೂದಲಿನ ವಿರುದ್ಧ ದಿಕ್ಕಿಗೆ ಒರೆಸಿ, ಬಚ್ಚಲ ಒಲೆಯ ಎದುರು ಬೆಚ್ಚಗೆ ಕೂರಿಸಿ, ಬಾಚಣಿಗೆಯಿಂದ ಒಳಪದರವನ್ನು ಬಿಡಿಸುವುದು ಆ ತಿಂಗಳುಗಳಲ್ಲಿ ನನ್ನ ಸಂಜೆಯ ಕೆಲಸ. ಅದೇ ಹೊತ್ತಿಗೆ ಬೆರಳುಗಳ ನಡುವೆ, ಕಿವಿಯ ಮಡಿಕೆಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಉಣುಗು ಹುಡುಕುತ್ತಿದ್ದೆ. ಉಣುಗಿನ ಜ್ವರ ನಮ್ಮ ಕಡೆಯ ಎಷ್ಟೋ ನಾಯಿಗಳನ್ನು ಕೊಂಡೊಯ್ದಿದೆ. ಇಲಿಜ್ವರಕ್ಕೂ ಸೇರಿದ ಚುಚ್ಚುಮದ್ದನ್ನು ಮಳೆ ಹಿಡಿಯುವ ಮೊದಲೇ ಹಾಕಿಸಿದ್ದೆ. ಹಟ್ಟಿ, ತೋಟದ ಕಣಿಗಳಿರುವ ಮನೆಯಲ್ಲಿ ಅದು ನಾಯಿಗೂ ನಮಗೂ ಬೇಕಾದದ್ದು.

ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಅವನನ್ನು ಕಟ್ಟಿಹಾಕಲೇಬೇಕಿತ್ತು. ಮೈಲುತುತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣ ಕೆಳಗಿನ ಹುಲ್ಲಿನ ಮೇಲೆ ನೀಲಿಯಾಗಿ ತೊಟ್ಟಿಕ್ಕಿರುತ್ತದೆ, ಅದು ಕಾಲಿಗೆ ಹತ್ತಿ, ಕಾಲು ನೆಕ್ಕುವಾಗ ಹೊಟ್ಟೆಗೆ ಹೋಗುತ್ತದೆ. ಉದುರಿದ ಅಡಿಕೆಯ ಬಗ್ಗೆಯೂ ಎಚ್ಚರ ಬೇಕು. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸತ್ವವನ್ನು ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಮದ್ದಾಗಿ ಕೊಡುತ್ತಿದ್ದರು. ಜೊಲ್ಲು, ಭೇದಿ ತರಿಸುವ ಅದರ ಶಕ್ತಿ ಅಷ್ಟು ಬಲವಾದದ್ದು. ತೋಟದಲ್ಲಿ ಅಡಿಕೆ ಬಾಯಿಗೆ ಹಾಕಿದಾಗ ಬಿಡಿಸಲು ನಾನು ‘ಬಿಡು’ ಎನ್ನುತ್ತೇನೆ, ತುಳು ಮಾತನಾಡುವ ಕೆಲಸದವರು ‘ಬುಡ್ಲ’ ಎನ್ನುತ್ತಾರೆ. ಎರಡಕ್ಕೂ ಅವನು ಬಾಯಿ ತೆರೆಯುತ್ತಾನೆ.

ಆಗಸ್ಟಿನಲ್ಲಿ ಡಬ್ಬಿಯ ಪಾಲನ್ನು ಮತ್ತೆ ಸ್ವಲ್ಪ ಇಳಿಸಿ, ಗುಡ್ಡೆಯ ಕಡೆ ಬಿಡುವಾಗ ಹಗ್ಗ ಹಿಡಿದುಕೊಂಡೇ ನಡೆಸಿ, ಮಳೆ ಬಿಟ್ಟ ಅರ್ಧ ಗಂಟೆಯನ್ನೂ ಬಿಡದೆ ಬಳಸಿದೆ. ತೂಕ ಮತ್ತೆ ಇಳಿಯಿತು. ದೀಪಾವಳಿಗೆ 36, ಡಿಸೆಂಬರ್ ಕೊನೆಗೆ 34.4. ಈ ಒಂಬತ್ತು ತಿಂಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ: 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದು ತಿಂದದ್ದಕ್ಕಿಂತ ಕಾಲು ಭಾಗ ಕಡಿಮೆ ಕೊಟ್ಟು ಕೊನೆಯವರೆಗೆ ಗಮನಿಸಿದಾಗ, ಕಡಿಮೆ ತಿಂದ ಗುಂಪು ಸರಿಸುಮಾರು 1.8 ವರ್ಷ ಹೆಚ್ಚು ಬದುಕಿತು, ಕೀಲುನೋವೂ ಅವುಗಳಿಗೆ ತಡವಾಗಿ ಬಂತು. ಹದಿಮೂರು ವರ್ಷ ಬದುಕಿದರೆ ಹೆಚ್ಚೆನ್ನುವ ಜೀವದ ಪಾಲಿಗೆ ಅದು ಎರಡು ಕೊಯ್ಲಿನ ಕಾಲ.

ಕಾಳುವಿಗೆ ಈಗ ಏಳು ವರ್ಷ. ಮೂತಿಯ ಕೆಳಗೆ ಬಿಳಿ ಕೂದಲು ಬಂದಿದೆ, ಎಡಗಾಲು ಚಳಿಯ ಬೆಳಗ್ಗೆ ಸ್ವಲ್ಪ ಗಡುಸು. ಆದರೆ ಮೆಟ್ಟಿಲುಗಳನ್ನು ಒಂದೊಂದೇ ಕಾಲಿಟ್ಟು ಹತ್ತುತ್ತಾನೆ. ಡಬ್ಬಿ ಇನ್ನೂ ಮಾಡದಲ್ಲಿಯೇ ಇದೆ. ದೋಸೆ ಹುಯ್ಯುವಾಗ ಅವನು ಅಡುಗೆಮನೆಯ ಹೊಸಿಲಿನ ಹೊರಗೆ ಬಂದು ಕುಳಿತರೆ ಅಮ್ಮ ಮೊದಲು ಡಬ್ಬಿಯನ್ನು ಅಲ್ಲಾಡಿಸಿ ಎಷ್ಟು ಉಳಿದಿದೆಯೆಂದು ನೋಡುತ್ತಾರೆ, ಉಳಿದಿದ್ದರೆ ಅದರಿಂದ ನಾಲ್ಕು ಕಾಳು ತೆಗೆದು ಕಾವಲಿಯ ಅಂಚಿನಲ್ಲಿ ಒಂದು ಕ್ಷಣ ಬೆಚ್ಚಗೆ ಮಾಡಿ, ಅವನಿಗೆ ಕೊಡುತ್ತಾರೆ.